‘ಇಂಗ್ಲೆಂಡಿಂದ ಬಂದ ಹೆರಾಲ್ಡ್’ ಅಂದರೆ ನಂಬಬೇಡಿ

ಹಳೇ ಕಾರು ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಬ್ರೋಕರ್ ಒಬ್ಬರು ನಮಗೆ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾರಿದರು. ‘ಇಂಗ್ಲೆಂಡಿಂದ ಹಡಗಲ್ಲಿ ಬಂದ ಕಾರು, ಪಕ್ಕಾ ಇಂಪೋರ್ಟೆಡ್’ ಅಂತ ಹೇಳಿ ಬೆಲೆಯನ್ನೂ ಜಾಸ್ತಿ ಹಾಕಿದರು. ಅದು ಶುದ್ಧ ಸುಳ್ಳು.

ಹಡಗಲ್ಲಿ ಬರುತ್ತಿದ್ದದ್ದು ಬಿಡಿಭಾಗಗಳು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಬಂದದ್ದು 1959ರಲ್ಲಿ. ಅದರ ಬಾಡಿಯನ್ನು ತುಂಡು ತುಂಡಾಗಿ ಚಾಸಿ (ಕಾರಿನ ಅಡಿಯ ಚೌಕಟ್ಟು) ಮೇಲೆ ಬೋಲ್ಟ್ ಹಾಕಿ ಕೂರಿಸುತ್ತಾರೆ. ಹಾಗಾಗಿ ಬಿಡಿಯಾಗಿ ಕಳಿಸಿ ಬೇರೆ ದೇಶದಲ್ಲಿ ಜೋಡಿಸೋಕೆ ಹೇಳಿ ಮಾಡಿಸಿದ ಕಾರು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಲ್ಲಿ ಜೋಡಿಸತೊಡಗಿದರು. ಬರ್ತಾ ಬರ್ತಾ ಇಲ್ಲೇ ತಯಾರಾದ ಭಾಗಗಳು ಹೆಚ್ಚಾದವು. ಇಂಗ್ಲೆಂಡಿನವರು 1147 ಸಿಸಿ, ಆಮೇಲೆ 1296 ಸಿಸಿ ಎಂಜಿನ್ ಹಾಕಿದರು. ಮದ್ರಾಸಿನವರು ಮೊದಲಿನ 948 ಸಿಸಿಯನ್ನೇ ಉಳಿಸಿಕೊಂಡರು. ನಾಲ್ಕು ಬಾಗಿಲಿನ ಹೆರಾಲ್ಡ್ ಅಂತೂ ಇಂಗ್ಲೆಂಡಿನಲ್ಲಿ ತಯಾರಾಗಲೇ ಇಲ್ಲ! ಅದು ನಮ್ಮ ದೇಶದ್ದೇ ಕಾರು. ಅದಕ್ಕೆ ಇರಬೇಕಾದ ಮರ್ಯಾದೆಯೂ ಅದೇ, ಸುಳ್ಳು ಹೇಳಿ ಮಾರಬೇಕಾಗಿಲ್ಲ.

ನಿಜವಾದ ನಷ್ಟ ಆಮೇಲೆ ಶುರುವಾಯಿತು. ‘ಹೆರಾಲ್ಡ್ ಪಾರ್ಟ್ಸ್ ಎಲ್ಲಾ ಒಂದೇ ಸಾರ್’ ಅಂದು ಅದೇ ಬ್ರೋಕರ್ ಇಂಗ್ಲೆಂಡಿಂದ ಪಿಸ್ಟನ್ ಸೆಟ್ಟು, ಮುಂದಿನ ಡೋರ್‌ಗಳನ್ನು ತರಿಸಿದರು. ಕಸ್ಟಮ್ಸ್ ಸುಂಕ ನಮ್ಮ ತಲೆಗೆ. ನಮ್ಮ ಮೇಸ್ತ್ರಿ ಡೋರ್ ಎತ್ತಿ ಹಿಡಿದರೆ ಅದು ನಡುವಿನ ಕಂಬ ದಾಟಿ ಹಿಂದಿನ ಬಾಗಿಲಿನ ಮೇಲೆ ಹೋಗಿ ಕೂತಿತು. ಎರಡು ಬಾಗಿಲಿನ ಕಾರಿನ ಡೋರ್ ಉದ್ದ ಇರುತ್ತೆ ಅಲ್ವಾ? ಪಿಸ್ಟನ್ ಅಳೆದರೆ 69.3 ಮಿ.ಮೀ. ಸೈಜಿನದು. 948 ಸಿಸಿ ಎಂಜಿನ್ನಿನ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳ ಅಗಲ) 63 ಮಿ.ಮೀ.

ಬ್ರೋಕರ್‌ಗೆ ಫೋನ್ ಮಾಡಿದ್ದಕ್ಕೆ, ‘ಬೋರ್ ಮಾಡಿಸಿಬಿಡಿ’ ಅಂದರು. ಈ ಮಾತು ಯಾರೇ ಹೇಳಿದರೂ ಕೇಳಬೇಡಿ. ಸವೆದ ಎಂಜಿನ್‌ಗೆ ಬೋರ್ ಮಾಡುವಾಗ ಒಂದು ಮಿಲಿಮೀಟರ್ ಆಸುಪಾಸು ಕೆರೆಯುತ್ತಾರೆ. ಆರು ಮಿಲಿಮೀಟರ್‌ಗೂ ಜಾಸ್ತಿ ಕೆರೆದರೆ ಸಿಲಿಂಡರ್ ಗೋಡೆ ಉಳಿಯಲ್ಲ. ಹಳೇ ಬ್ಲಾಕ್ ಒಮ್ಮೆ ಹೋದರೆ ಇನ್ನೊಂದು ಸಿಗೋದು ಎಷ್ಟು ಕಷ್ಟ ಅಂತ ಲೇತ್‌ನವರನ್ನು ಕೇಳಿ.

ದುಡ್ಡು ವಾಪಸ್ ಬಂದಿಲ್ಲ. ಈಗ ಆ ಬ್ರೋಕರ್ ಇನ್ನೊಂದು ಹೆರಾಲ್ಡನ್ನು ಇದೇ ಕಥೆ ಹೇಳಿ ತೋರಿಸುತ್ತಿದ್ದಾರೆ ಅಂತ ಕೇಳಿದೆ. ನೋಡಲು ಹೋದರೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಚಾಸಿ ಪ್ಲೇಟು, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಪಾರ್ಟ್ಸ್ ತರಿಸುವುದಾದರೆ ಎಷ್ಟು ಸಿಸಿ, ಎಷ್ಟು ಬಾಗಿಲು ಅಂತ ಬಿಲ್‌ನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.