ಹಳೆಯ ಕಾರಿಗೆ 95 ಆಕ್ಟೇನ್ ಹಾಕಿಸುವ ಮುನ್ನ

ಹೋಂಡಾ ಸಿಟಿಯ ಹಳೆಯ 1.5 ವಿಟೆಕ್ ಅಥವಾ ಅದೇ ಕಾಲದ ಬೇರೆ ಯಾವುದಾದರೂ ಚುರುಕಿನ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರು ದಯವಿಟ್ಟು ಇದನ್ನು ಓದಿ. ಆಕ್ಟೇನ್ ಎಂದರೆ ಎಂಜಿನ್ನಿನೊಳಗೆ ಹೊತ್ತಿಗೆ ಮುಂಚೆ ಉರಿಯದಂತೆ ತಾಳುವ ಪೆಟ್ರೋಲಿನ ಗುಣವನ್ನು ಹೇಳುವ ಅಂಕಿ. ದುಬಾರಿ 95 ಆಕ್ಟೇನ್ ಪೆಟ್ರೋಲಿನಲ್ಲಿ ಎಥೆನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ, ಇರುವುದಿಲ್ಲ ಎಂದು ಬಂಕಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ನನಗೂ ಹಾಗೆಯೇ ಹೇಳಿ ತುಂಬಿಸುತ್ತಿದ್ದರು. ಕಳೆದ ಮಳೆಗಾಲ ಆಗುಂಬೆ ಘಾಟಿಯಲ್ಲಿ ನನ್ನ ಕಾರು ಹೊತ್ತಿಕೊಳ್ಳದೆ ಉಳಿದದ್ದು ನಮ್ಮ ಪುಣ್ಯ.

ಘಾಟಿ ಹತ್ತುವಾಗ ಒಳಗೆಲ್ಲ ಪೆಟ್ರೋಲ್ ವಾಸನೆ. ಬಾನೆಟ್ ಎತ್ತಿದರೆ, ಟ್ಯಾಂಕಿಗೆ ಮರಳುವ ರಬ್ಬರ್ ಪೈಪು ಕ್ಲಿಪ್ಪಿನ ಬಳಿ ಉಬ್ಬಿ ಸೀಳಿತ್ತು. ಕಾದ ಎಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅದಕ್ಕೂ ತಿಂಗಳುಗಳ ಮೊದಲೇ ಎಳೆತ ಕುಗ್ಗಿತ್ತು, ನಿಲ್ಲಿಸಿಟ್ಟ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಗ್ಯಾರೇಜಿನವರು ಫಿಲ್ಟರ್, ಇಂಜೆಕ್ಟರ್, ಪಂಪು ಎಂದು ಒಂದೊಂದನ್ನೇ ಬದಲಿಸಿ ಬಿಲ್ಲು ಬೆಳೆಸಿದರು. ಪೈಪುಗಳನ್ನು ಮುಟ್ಟಿಯೂ ನೋಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಊರೂರಿನಲ್ಲಿ ಸಿಗುವುದು ಅದೇ. ಎಥೆನಾಲಿನ ಆಕ್ಟೇನ್ ತಾನೇ ನೂರನ್ನು ದಾಟುತ್ತದೆ. ಹಾಗಾಗಿ ಬೋರ್ಡಿನ ಮೇಲಿನ 95 ಎಂಬ ಅಂಕಿಯಿಂದ ಎಥೆನಾಲ್ ಇಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಅದಕ್ಕೆಂದು ತಯಾರಾಗದ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಳ್ಳುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಅದರ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಮೈಲೇಜ್ ಇಳಿಯುವುದು ಇದರಿಂದಲೇ.

ಮಾತು ನಂಬುವ ಬದಲು ಪರೀಕ್ಷಿಸಿ. ಬೆಂಕಿಯಿಂದ ದೂರ, ಬಯಲಿನಲ್ಲಿ, ಅಳತೆಯ ಗಾಜಿನ ಜಾಡಿಗೆ 10 ಮಿಲಿಲೀಟರ್ ನೀರು, 90 ಮಿಲಿಲೀಟರ್ ಪೆಟ್ರೋಲ್ ಹಾಕಿ ಅಲುಗಿಸಿ ಬಿಡಿ. ಎಥೆನಾಲ್ ನೀರಿನೊಡನೆ ಕೆಳಗಿಳಿಯುತ್ತದೆ. ತಳದ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 25ನ್ನು ದಾಟಿದರೆ ಅದು ಇ20. ನನಗೆ 95 ಎಂದು ಕೊಟ್ಟ ಪೆಟ್ರೋಲ್ 25ನ್ನು ದಾಟಿತು.

ಕೆಲವು ಬಂಕುಗಳಲ್ಲಿ ಸಿಗುವ 100 ಆಕ್ಟೇನ್ ಪೆಟ್ರೋಲಿನಲ್ಲಿ ತಳದ ಪದರ ಏರಲಿಲ್ಲ. ಬೆಲೆ ಲೀಟರಿಗೆ ನೂರೈವತ್ತಕ್ಕೂ ಹೆಚ್ಚು. ಅದರಿಂದ ಈ ಎಂಜಿನ್ನಿಗೆ ಹೆಚ್ಚಿನ ಬಲವೇನೂ ಬರುವುದಿಲ್ಲ, ಕೊಡುವ ದುಡ್ಡೆಲ್ಲ ಎಥೆನಾಲ್ ಇಲ್ಲದಿರುವುದಕ್ಕೆ. ವಾರಗಟ್ಟಲೆ ನಿಲ್ಲಿಸುವ ಕಾರಾದರೆ ನಾನು ಅದನ್ನೇ ಹಾಕಿಸುತ್ತೇನೆ, ಮಳೆಗಾಲದಲ್ಲಂತೂ ಟ್ಯಾಂಕು ತುಂಬಿಸಿಯೇ ಇಡುತ್ತೇನೆ. ದಿನವೂ ಓಡಿಸುವವರಿಗೆ ಆ ಖರ್ಚು ಭಾರ. ಅಂಥವರು ಮೊದಲು ಎಲ್ಲ ಇಂಧನ ಪೈಪುಗಳನ್ನೂ ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗುಗಳನ್ನೂ ಎಥೆನಾಲ್ ತಾಳುವಂಥವಕ್ಕೆ ಬದಲಿಸಿಕೊಳ್ಳಲಿ. ಪೈಪಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು (ಇಂಗ್ಲಿಷಿನಲ್ಲಿ SAE J30 R9, ಇಂಧನ ಪೈಪಿನ ಗುಣಮಟ್ಟದ ಗುರುತು) ಅಚ್ಚಾಗಿರಬೇಕು. ಮೆಕ್ಯಾನಿಕ್ ಕೈಯಲ್ಲಿರುವಾಗಲೇ ಆ ಗುರುತನ್ನು ನೀವೇ ಓದಿ, ಆಮೇಲೆ ಹಾಕಿಸಿ.