ಮೂರು ಸಾವಿರದ ರಂದಾ ಮಷಿನ್ ಮತ್ತು ಹಳೆ ಮನೆಯ ತೊಲೆಗಳು: ಬಹಳ ದಿನ ಬಳಸಿದ ಮೇಲೆ

ಈ ರಂದಾ ಮಷಿನ್, ಅಂದರೆ ಕಟ್ಟಿಗೆ ಹೆರೆದು ನುಣ್ಣಗೆ ಮಾಡುವ ಕರೆಂಟಿನ ಕೀಸುಳಿ, ಕೊಂಡು ಕೆಲವು ವರ್ಷಗಳಾದವು. ಆಗ ಕೊಟ್ಟದ್ದು ಮೂರು ಸಾವಿರ ಚಿಲ್ಲರೆ. ಇಷ್ಟು ದಿನ ಬಳಸಿದ ಮೇಲೆ ಹೇಳಬಹುದಾದ ಮಾತು ಇದು: ಮಷಿನ್ ಅಗ್ಗ, ಹಳೆ ಕಟ್ಟಿಗೆಯ ಮೇಲೆ ಅದನ್ನು ಓಡಿಸುವುದು ತುಟ್ಟಿ. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆದಿಲ್ಲ. ಈ ದರದ ಮಷಿನ್‌ಗಳಲ್ಲಿ ಬಣ್ಣ ಮತ್ತು ಸ್ಟಿಕರ್ ಬಿಟ್ಟರೆ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ.

ನಾನು ಬಡಿಗ ಅಲ್ಲ. ರವಿವಾರ ಮನೆಯ ಹಿಂದಿನ ಶೆಡ್‌ನಲ್ಲಿ ಸ್ಟೂಲು, ಕಪಾಟು, ಮಣೆ ಮಾಡಿಕೊಳ್ಳುವವನು. ಅದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ. ದಿನಾ ಎಂಟು ತಾಸು ಮಷಿನ್ ಓಡಿಸುವವರಿಗೆ ಇದು ಸಾಲುವುದಿಲ್ಲ.

ಬಾಗಲಕೋಟೆಯಲ್ಲಿ ಹಳೆ ಕಟ್ಟಿಗೆಗೆ ಬರ ಇಲ್ಲ. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಎಷ್ಟೋ ಓಣಿಗಳು ಖಾಲಿಯಾದವು, ಜನ ಪುನರ್ವಸತಿಗೆಂದು ಕಟ್ಟಿದ ನವನಗರ ಸೇರಿದರು. ಮಣ್ಣಿನ ಮಾಳಿಗೆ ಬಿಚ್ಚಿದರೆ ಕೈಗೆ ಸಿಗುವುದು ತೊಲೆ, ಜಂತಿ, ಕಂಬ, ಬಾಗಿಲ ಚೌಕಟ್ಟು. ಸುತ್ತಲಿನ ಹಳ್ಳಿಗಳಲ್ಲಿ ಈಗಲೂ ಮಾಳಿಗೆ ಕೆಡವಿ ಆರ್‌ಸಿಸಿ ಹಾಕುತ್ತಾರೆ, ಕಟ್ಟಿಗೆ ಅಂಗಳದಲ್ಲಿ ಬಿದ್ದಿರುತ್ತದೆ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆ ಬೇರೆ ಇದೆ. ಮತ್ತಷ್ಟು ಮನೆಗಳ ತೊಲೆ ಹೊರಗೆ ಬರುತ್ತವೆ. ಇದನ್ನು ಲಾಭ ಅನ್ನಲು ಬಾಯಿ ಬರುವುದಿಲ್ಲ. ಆದರೆ ಸಾಗವಾನಿ ತೊಲೆ ಒಲೆಗೆ ಹೋಗುವುದನ್ನು ನೋಡುತ್ತಾ ನಿಲ್ಲುವುದೂ ಆಗುವುದಿಲ್ಲ.

ಕೊಳ್ಳುವಾಗ ಘನ ಅಡಿ ಲೆಕ್ಕ ಗೊತ್ತಿರಲಿ. 6 ಇಂಚು ಅಗಲ, 4 ಇಂಚು ದಪ್ಪ, 8 ಅಡಿ ಉದ್ದದ ತೊಲೆ ಅಂದರೆ 6×4×8 ಭಾಗಿಸು 144, ಅಂದರೆ 1.33 ಘನ ಅಡಿ. ಒಣಗಿದ ಸಾಗವಾನಿಯಾದರೆ ಹೆಚ್ಚೂಕಡಿಮೆ 25 ಕೆಜಿ ತೂಗುತ್ತದೆ. ಅದೇ ಅಳತೆಯ ತುಂಡು ಎತ್ತಲು ತೀರಾ ಭಾರ ಅನ್ನಿಸಿದರೆ ಜಾಲಿಯೋ ಮತ್ತಿಯೋ ಇರಬಹುದು. ಹೊಗೆ ಹಿಡಿದು ಕಪ್ಪಾದ ಕಟ್ಟಿಗೆ ಮೇಲಿನಿಂದ ಎಲ್ಲಾ ಒಂದೇ ಥರ ಕಾಣುತ್ತದೆ. ಒಂದು ಮೂಲೆಯನ್ನು ಕೈ ಕೀಸುಳಿಯಿಂದ ಸ್ವಲ್ಪ ಕೆರೆದು, ಬಣ್ಣ ಮತ್ತು ವಾಸನೆ ನೋಡಿ, ಆಮೇಲೆ ದರ ಮಾತಾಡಿ. ಸಾಗವಾನಿಯ ಎಣ್ಣೆ ವಾಸನೆ ಎಷ್ಟು ವರ್ಷ ಕಳೆದರೂ ಒಳಗೆ ಇರುತ್ತದೆ.

ಈಗ ಮಷಿನ್‌ಗೆ ಬರೋಣ. 600 ವ್ಯಾಟ್, 82 ಮಿಲಿಮೀಟರ್ ಅಗಲ, ನಿಮಿಷಕ್ಕೆ 16,000 ಸುತ್ತು ಅಂತ ಮೈಮೇಲೆ ಬರೆದಿದೆ. ತಳದಲ್ಲಿ ತಿರುಗುವ ಡ್ರಮ್‌ಗೆ ಎರಡು ಬ್ಲೇಡ್. ಅಂದರೆ ನಿಮಿಷಕ್ಕೆ 32,000 ಸಲ ಕಟ್ಟಿಗೆಗೆ ಕಚ್ಚುತ್ತದೆ. ನೀವು ನಿಮಿಷಕ್ಕೆ ನಾಲ್ಕು ಮೀಟರ್ ವೇಗದಲ್ಲಿ ತಳ್ಳಿದರೆ ಒಂದೊಂದು ಕಡಿತದ ನಡುವೆ ಮಿಲಿಮೀಟರಿನ ಎಂಟನೇ ಒಂದು ಭಾಗ ಅಂತರ. ಮೈ ನುಣ್ಣಗೆ ಬರುತ್ತದೆ. ಎರಡರಲ್ಲಿ ಒಂದು ಬ್ಲೇಡ್ ಕೂದಲೆಳೆಯಷ್ಟು ಕೆಳಗೆ ಕೂತಿದ್ದರೆ ಅದು ಸುಮ್ನೆ ತಿರುಗುತ್ತದೆ, ಕೆಲಸವೆಲ್ಲಾ ಇನ್ನೊಂದರ ಮೇಲೆ. ಅಂತರ ಡಬಲ್ ಆಗಿ ಅಲೆಗಳು ಕಾಣುತ್ತವೆ. ಹೊಸ ಮಷಿನ್ ಡಬ್ಬಿಯಿಂದ ಬಂದಾಗಲೇ ಹೀಗಿತ್ತು. ಪ್ಲಗ್ ಕಿತ್ತು, ಸ್ಟೀಲ್ ಸ್ಕೇಲ್ ಒಂದನ್ನು ಹಿಂದಿನ ತಳದ ಮೇಲಿಟ್ಟು, ಡ್ರಮ್ ಕೈಯಲ್ಲಿ ತಿರುಗಿಸಿ ಎರಡೂ ಬ್ಲೇಡ್ ಸ್ಕೇಲಿಗೆ ಒಂದೇ ಥರ ತಾಗುವ ಹಾಗೆ ಕೂರಿಸಿದ ಮೇಲೆ ಸರಿಹೋಯಿತು.

ಆಳದ ನಾಬ್ ಮೇಲಿನ ಅಂಕಿಗಳನ್ನು ನಂಬಬೇಡಿ. ಎರಡು ಮಿಲಿಮೀಟರ್ ಅಂತ ಇದೆ. ಬೇವಿನಂಥ ಕಟ್ಟಿಗೆಯಲ್ಲಿ ಒಂದಕ್ಕೆ ಇಟ್ಟರೂ ಮೋಟರ್ ನರಳುತ್ತದೆ, ಜಾಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಡಲೇಬಾರದು. ಅರ್ಧ ಅರ್ಧ ಮಿಲಿಮೀಟರ್ ನಾಲ್ಕು ಸಲ ಹೊಡೆಯಿರಿ. ಮೋಟರೂ ಉಳಿಯುತ್ತದೆ, ಎಳೆ ಕಿತ್ತು ಬರುವುದೂ ಕಡಿಮೆ.

ಬ್ಲೇಡ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಖರ್ಚೆಲ್ಲಾ ಇಲ್ಲೇ. ಕಾರ್ಬೈಡ್ ಬ್ಲೇಡ್ ಗಟ್ಟಿ, ಎರಡೂ ಕಡೆ ಅಲಗು ಇರುತ್ತದೆ, ಒಂದು ಮೊಂಡಾದರೆ ತಿರುಗಿಸಿ ಹಾಕಬಹುದು. ಸಾಗವಾನಿಯೊಳಗೆ ಮರಳಿನಂಥ ಸಿಲಿಕಾ ಇರುತ್ತದೆ, ಅದು ಸ್ಟೀಲ್ ಅಲಗನ್ನು ಬೇಗ ತಿನ್ನುತ್ತದೆ. ಹಾಗಾಗಿ ಸಾಗವಾನಿಗೆ ಕಾರ್ಬೈಡೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಹಳೆ ತೊಲೆಯಲ್ಲಿ ಮೊಳೆ ಇರುತ್ತದೆ. ಕಾರ್ಬೈಡ್ ಮೊಳೆಗೆ ತಾಗಿದರೆ ಚಕ್ಕೆ ಎದ್ದು ಹೋಗುತ್ತದೆ, ಮತ್ತೆ ಸಾಣೆ ಹಿಡಿಯಲು ಬರುವುದಿಲ್ಲ, ಎಸೆಯಬೇಕು. ಸ್ಟೀಲ್ ಬ್ಲೇಡ್‌ಗೆ ಹಲ್ಲು ಬಿದ್ದರೆ ಸಾಣೆಗೆ ಕೊಟ್ಟು ಮತ್ತೆ ಬಳಸಬಹುದು. ನಾನು ಮಾಡುವುದು ಇಷ್ಟು: ಮೊದಲ ಕಪ್ಪು ಪದರ ತೆಗೆಯಲು ಸ್ಟೀಲ್, ಒಳಗಿನ ಹಸನಾದ ಕಟ್ಟಿಗೆ ಕಂಡ ಮೇಲೆ ಕಾರ್ಬೈಡ್. ನನ್ನ ಮಷಿನ್‌ಗೆ ಎರಡೂ ಕೂರುತ್ತವೆ. ಎಲ್ಲದಕ್ಕೂ ಕೂರುವುದಿಲ್ಲ, ಅಂಗಡಿಯಲ್ಲಿ ಮೊದಲು ಇದನ್ನೇ ಕೇಳಿ.

ಸ್ಟೀಲ್ ಬ್ಲೇಡ್‌ಗೆ ಸಣ್ಣ ಹಲ್ಲು ಬಿದ್ದರೆ ಹಲಗೆಯ ಮೇಲೆ ಉದ್ದಕ್ಕೆ ದಾರದಂಥ ಗೆರೆ ಏಳುತ್ತದೆ. ಆಗ ಎರಡರಲ್ಲಿ ಒಂದು ಬ್ಲೇಡನ್ನು ಮಾತ್ರ ಪಕ್ಕಕ್ಕೆ ಸ್ವಲ್ಪ ಸರಿಸಿ ಬಿಗಿಯಿರಿ. ಒಂದು ಬಿಟ್ಟ ಗೆರೆಯನ್ನು ಇನ್ನೊಂದು ಕತ್ತರಿಸುತ್ತದೆ. ಸಾಣೆಯ ಖರ್ಚು ಕೆಲವು ವಾರ ಮುಂದಕ್ಕೆ ಹೋಗುತ್ತದೆ.

ಮೊಳೆ ಹುಡುಕಲು ಕೆಟ್ಟುಹೋದ ಸ್ಪೀಕರಿನ ಮ್ಯಾಗ್ನೆಟ್ ಅನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ಎಳೆಯುತ್ತೇನೆ. ತಲೆ ಮುರಿದು ಒಳಗೇ ಉಳಿದ ಮೊಳೆಯೂ ಆಳದಲ್ಲಿ ಇರದಿದ್ದರೆ ಸಿಗುತ್ತದೆ. ಹಿತ್ತಾಳೆ ಮೊಳೆ, ಹಿತ್ತಾಳೆ ಕೀಲು ಮ್ಯಾಗ್ನೆಟ್‌ಗೆ ಸಿಗುವುದಿಲ್ಲ. ಹಳೆ ಬಾಗಿಲುಗಳಲ್ಲಿ ಅವೇ ಜಾಸ್ತಿ, ಕಣ್ಣಿಟ್ಟು ನೋಡಬೇಕು. ಮೊಳೆಗಿಂತ ಮಣ್ಣು ಕೆಟ್ಟದ್ದು. ಮಾಳಿಗೆಯ ಮಣ್ಣು ಜಂತಿಯ ಬಿರುಕುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನಮ್ಮ ಓಣಿಯ ಹಿರಿಯ ಬಡಿಗೇರರು ನನ್ನ ಬ್ಲೇಡ್ ನೋಡಿ, "ಮೊದ್ಲ ತಂತಿ ಬ್ರಷ್ ಹೊಡೀರಿ ಸರ, ಆಮ್ಯಾಲ ರಂದಾ. ಈ ಮಣ್ಣಿನಾಗ ನಿಮ್ಮ ಮಷಿನ್ ಏನ್ರೀ, ನಮ್ಮ ಕೈ ರಂದಾನೂ ಉಳಿಯೂದಿಲ್ಲ" ಅಂದರು. ಅವರು ಹೇಳಿದ ಹಾಗೆ ಮಾಡಿದ ಮೇಲೆ ಬ್ಲೇಡ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು.

ಹಳೆ ಬಾಗಿಲಿಗೆ ಹಸಿರು, ನೀಲಿ ಆಯಿಲ್ ಪೇಂಟ್ ಇದ್ದರೆ ಅದರ ಮೇಲೆ ರಂದಾ ಓಡಿಸಬೇಡಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟು ಸೀಸ ಇದೆಯೋ ಯಾರು ಬಲ್ಲರು. ನಾನು ಅಂಥ ಬಾಗಿಲು ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಬಣ್ಣ ಇಲ್ಲದ ಕಟ್ಟಿಗೆಯ ಹೊಟ್ಟೂ ಒಳ್ಳೆಯದಲ್ಲ. ಸಾಗವಾನಿ ಧೂಳು ಕೆಲವರಿಗೆ ಚರ್ಮ ಕೆರೆಯುತ್ತದೆ, ಮೂಗು ಕಟ್ಟುತ್ತದೆ. ಕಟ್ಟಿಗೆ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಮಷಿನ್ ಜೊತೆ ಕೊಟ್ಟ ಧೂಳಿನ ಚೀಲ ಬರೀ ಅಲಂಕಾರಕ್ಕೆ, ಎರಡು ಹಲಗೆಗೆ ತುಂಬಿ ಬಾಯಿ ಕಟ್ಟುತ್ತದೆ. ಎನ್95 ಮಾಸ್ಕ್ ಹಾಕಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿ.

ಇನ್ನೊಂದು ದೂರು. ಒಳ್ಳೆಯ ಮಷಿನ್‌ಗಳಲ್ಲಿ ಹಿಂದಿನ ತಳಕ್ಕೆ ಒಂದು ಸಣ್ಣ ಕಾಲು ಇರುತ್ತದೆ, ಕೆಳಗೆ ಇಟ್ಟಾಗ ಬ್ಲೇಡ್ ನೆಲಕ್ಕೆ ತಾಗುವುದಿಲ್ಲ. ಇದರಲ್ಲಿ ಆ ಕಾಲಿಲ್ಲ. ಸ್ವಿಚ್ ಬಿಟ್ಟ ಮೇಲೂ ಡ್ರಮ್ ಕೆಲವು ಸೆಕೆಂಡು ತಿರುಗುತ್ತಿರುತ್ತದೆ. ಕೆಳಗೆ ಇಡಲು ಎರಡು ಪಟ್ಟಿ ಹೊಡೆದ ಹಲಗೆಯೊಂದನ್ನು ಮಾಡಿಕೊಂಡಿದ್ದೇನೆ.

ಇದರ ಜೊತೆ ಮಾರ್ಬಲ್ ಕಟ್ಟರ್‌ಗೆ ಕಟ್ಟಿಗೆ ಬ್ಲೇಡ್ ಹಾಕಿ ಬಳಸುತ್ತೇನೆ, ತೆಳು ಹಲಗೆಗೆ ನಡೆಯುತ್ತದೆ. ತೊಲೆ ಸೀಳಲು ಮಾತ್ರ ಸಾಮಿಲ್‌ಗೇ ಒಯ್ಯಿರಿ. ಮೊಳೆ ತೆಗೆದಿದ್ದೀರಾ ಅಂತ ಅವರು ಕೇಳಿಯೇ ಕೇಳುತ್ತಾರೆ. ಆ್ಯಂಗಲ್ ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಹಾಕುವುದು ಬೇಡವೇ ಬೇಡ. ಅದು ಒದೆದರೆ ಕೈ ಹೋಗುತ್ತದೆ.

ರಿಪೇರಿಯಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಕಂಪನಿಯ ಸರ್ವಿಸ್ ಸೆಂಟರ್ ಇಲ್ಲಿಲ್ಲ, ಫೋನ್ ಮಾಡಿದರೆ ಕೊರಿಯರ್ ಮಾಡಿ ಅನ್ನುತ್ತಾರೆ. ಆದರೆ ಕಬ್ಬಿನ ಹೊಲಗಳ ಪಂಪ್‌ಸೆಟ್ ನೆಚ್ಚಿಕೊಂಡು ಮೋಟರ್ ವೈಂಡಿಂಗ್ ಅಂಗಡಿಗಳು ಬೇಕಾದಷ್ಟಿವೆ. ಕಾರ್ಬನ್ ಬ್ರಷ್ (ತಿರುಗುವ ಮೋಟರಿಗೆ ಕರೆಂಟ್ ದಾಟಿಸುವ ಸಣ್ಣ ಕಾರ್ಬನ್ ತುಂಡು) ಸವೆದಾಗ ಅಲ್ಲೇ ಒಂದು ಜೊತೆ ಸಿಕ್ಕಿತು, ಸ್ವಲ್ಪ ಅರದಿಂದ ಉಜ್ಜಿ ಕೂರಿಸಿದರು. ಬೇರಿಂಗ್ ಕೂಗಲು ಶುರುವಾದಾಗ ಅದರ ಮೇಲಿನ ನಂಬರ್ ಓದಿ ಹೊಸದು ಹಾಕಿಕೊಟ್ಟರು. ಮೋಟರಿನಿಂದ ಡ್ರಮ್ ತಿರುಗಿಸುವ ಬೆಲ್ಟ್ ಮಾತ್ರ ತಲೆನೋವು. ಹಲ್ಲಿನ ಲೆಕ್ಕ ಒಂದು ಹೆಚ್ಚುಕಡಿಮೆಯಾದರೂ ಕೂರುವುದಿಲ್ಲ, ಇಲ್ಲಿನ ಅಂಗಡಿಗಳಲ್ಲಿ ಸಿಗುವುದೂ ಇಲ್ಲ. ಮಷಿನ್ ಕೊಳ್ಳುವ ದಿನವೇ ಎರಡು ಬೆಲ್ಟ್ ಹೆಚ್ಚಿಗೆ ತರಿಸಿ ಇಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಅದೇ ಮಾಡೆಲ್ ಮಾರಾಟದಲ್ಲಿ ಇರುತ್ತದೆ ಅನ್ನುವ ಭರವಸೆ ಈ ದರದ ಮಷಿನ್‌ಗಳಿಗೆ ಇಲ್ಲ.