ಆಮ್ಲೊಡಿಪಿನ್ 5 ಮಿ.ಗ್ರಾಂ ಮಾತ್ರೆ: ಆರನೇ ವಾರದ ಅಭಿಪ್ರಾಯ

ಈ ಮಾತ್ರೆಯ ಬಗ್ಗೆ ನಾಲ್ಕನೇ ದಿನವೇ ಬರೆಯಲು ಕುಳಿತಿದ್ದರೆ ಐದಕ್ಕೆ ಒಂದು ಅಂಕ ಕೊಟ್ಟು ಎದ್ದುಬಿಡುತ್ತಿದ್ದೆ. ಚಿಕಿತ್ಸೆಗೆ ಮುಂಚೆ 158/98 ಇದ್ದ ನನ್ನ ರಕ್ತದೊತ್ತಡ ಅಂದು ಬೆಳಿಗ್ಗೆ 154/96 ಇತ್ತು. ಮದ್ದು ನಾಟುತ್ತಿಲ್ಲವೆಂದು ನಾನೇ ತೀರ್ಮಾನಿಸಿ, ದಿನಕ್ಕೆ ಎರಡು ಮಾತ್ರೆ ನುಂಗುವ ಯೋಚನೆಯನ್ನೂ ಮಾಡಿದ್ದೆ. ವೈದ್ಯರನ್ನು ಒಂದು ಮಾತು ಕೇಳಿದ್ದರಿಂದ ಆ ಅವಿವೇಕ ತಪ್ಪಿತು.

ಆಮ್ಲೊಡಿಪಿನ್ ರಕ್ತನಾಳಗಳ ಗೋಡೆಯ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ಹೋಗುವುದನ್ನು ತಗ್ಗಿಸಿ ನಾಳಗಳನ್ನು ಸಡಿಲಿಸುತ್ತದೆ. ನುಂಗಿದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠ ಮಟ್ಟ ಮುಟ್ಟಲು 6ರಿಂದ 12 ಗಂಟೆ ಬೇಕು, ಅದರಲ್ಲಿ ಅರ್ಧದಷ್ಟು ದೇಹದಿಂದ ಹೊರಹೋಗಲು 30ರಿಂದ 50 ಗಂಟೆ ಬೇಕು. ಹೀಗಾಗಿ ಇಂದಿನ ಮಾತ್ರೆ ಕರಗುವ ಮೊದಲೇ ನಾಳಿನದು ಬಂದು ಸೇರಿ, ಏಳೆಂಟು ದಿನಗಳ ನಂತರವಷ್ಟೇ ಪ್ರಮಾಣವು ಒಂದು ಮಟ್ಟದಲ್ಲಿ ನೆಲೆಗೊಳ್ಳುತ್ತದೆ. ಒತ್ತಡ ಪೂರ್ತಿಯಾಗಿ ಇಳಿಯುವುದಕ್ಕೆ ಇನ್ನೂ ಕೆಲವು ವಾರಗಳು ಹಿಡಿಯಬಹುದು. ನನ್ನ ಲೆಕ್ಕದ ಪುಸ್ತಕದಲ್ಲಿ ಒಂಬತ್ತನೇ ದಿನ 146/90, ನಾಲ್ಕನೇ ವಾರದ ಕೊನೆಗೆ 134/84 ಎಂದಿದೆ. ಅಲ್ಲಿಂದ ಮುಂದೆ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ.

ನಿಧಾನ ಎಂಬ ದೂರು ಈ ಮಾತ್ರೆಯೊಂದಕ್ಕೇ ಸಲ್ಲುವುದಿಲ್ಲ. ರಕ್ತದೊತ್ತಡಕ್ಕೇ ಕೊಡುವ ಬೇರೆ ಮಾತ್ರೆಗಳಲ್ಲಿ ಲೊಸಾರ್ಟಾನ್ ತನ್ನ ಪೂರ್ಣ ಪರಿಣಾಮ ತೋರಲು 3ರಿಂದ 6 ವಾರ ತೆಗೆದುಕೊಳ್ಳುತ್ತದೆ, ಟೆಲ್ಮಿಸಾರ್ಟಾನ್‌ಗೆ ಸುಮಾರು 4 ವಾರ ಬೇಕು. ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆಗಳದು ಇನ್ನೂ ವಿಚಿತ್ರ: ಅವು ಮೂತ್ರವನ್ನು ಮೊದಲ ದಿನವೇ ಹೆಚ್ಚಿಸುತ್ತವೆಯಾದರೂ, ದೀರ್ಘಕಾಲ ಒತ್ತಡವನ್ನು ತಗ್ಗಿಸಿಡುವುದು ವಾರಗಳು ಕಳೆದಂತೆ ಉಂಟಾಗುವ ರಕ್ತನಾಳಗಳ ಸಡಿಲಿಕೆಯೇ. ಒತ್ತಡವನ್ನು ಥಟ್ಟನೆ ಕೆಳಗಿಳಿಸಿದರೆ ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಹೋಗುವ ಅಪಾಯವಿರುವುದರಿಂದ, ಈ ನಿಧಾನವನ್ನು ನಾನೀಗ ದೋಷವೆಂದು ಎಣಿಸುವುದಿಲ್ಲ.

ದೀರ್ಘಕಾಲ ದೇಹದಲ್ಲಿ ಉಳಿಯುವ ಗುಣದಿಂದ ಒಂದು ಅನುಕೂಲವೂ ಇದೆ. ಎರಡನೇ ವಾರದಲ್ಲಿ ಒಂದು ದಿನ ಮಾತ್ರೆ ಮರೆತಿದ್ದೆ. ಮರುದಿನದ ಅಳತೆಯಲ್ಲಿ ಅದರ ಸುಳಿವೇ ಇರಲಿಲ್ಲ. ಮರೆತದ್ದಕ್ಕೆ ಪ್ರತಿಯಾಗಿ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಬಾರದು ಎಂಬುದನ್ನು ಮಾತ್ರ ವೈದ್ಯರು ಒತ್ತಿ ಹೇಳಿದರು.

ಅಳತೆಯ ವಿಷಯದಲ್ಲಿ ಮೊದಲ ವಾರ ನಾನೂ ತಪ್ಪಿದ್ದೆ. ಮೆಟ್ಟಿಲು ಹತ್ತಿ ಬಂದೊಡನೆ, ಕಾಫಿ ಕುಡಿದೊಡನೆ ಯಂತ್ರ ಕಟ್ಟಿಕೊಂಡು ಸಿಕ್ಕ ಅಂಕಿಗಳನ್ನು ಮಾತ್ರೆಯ ಲೆಕ್ಕಕ್ಕೆ ಹಾಕುತ್ತಿದ್ದೆ. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿಟ್ಟು, ದಿನವೂ ಒಂದೇ ಹೊತ್ತಿಗೆ ಎರಡು ಬಾರಿ ಅಳೆಯತೊಡಗಿದ ಮೇಲೆಯೇ ಅಂಕಿಗಳಿಗೊಂದು ಅರ್ಥ ಬಂದದ್ದು.

ಕೊರತೆ ಎಂದರೆ ಕಾಲಿನ ಊತ. ಮೂರನೇ ವಾರದಿಂದ ಸಂಜೆ ಹೊತ್ತಿಗೆ ಗಿಣ್ಣಿನ ಸುತ್ತ ಊದಿಕೊಂಡು ಕಾಲುಚೀಲದ ಅಚ್ಚು ಉಳಿಯುತ್ತಿದೆ. ಇದು ಈ ಔಷಧದ ಪರಿಚಿತ ಅಡ್ಡಪರಿಣಾಮ. ಪ್ರಮಾಣ 10 ಮಿ.ಗ್ರಾಂಗೆ ಏರಿದರೆ ಹೆಚ್ಚಾಗುವ ಸಂಭವವಿದೆ ಎಂದು ತಿಳಿದ ಮೇಲೆ, ಅಂದು ಎರಡು ಮಾತ್ರೆ ನುಂಗದಿದ್ದುದಕ್ಕೆ ಇನ್ನಷ್ಟು ಸಮಾಧಾನವಾಯಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಊತದ್ದು.